ಕ್ರಾಂತಿಯ ಮಾರನೇ ದಿನ ಕಸ ಗುಡಿಸೋರು ಯಾರು?

ಚಕ್ರವರ್ತಿ ಬೀಳುತ್ತಾನೆ. ಆಕಾಶದಲ್ಲಿ ತೇಲುತ್ತಿದ್ದ ಅವನ ಕೋಟೆ ಸಿಡಿದು ಚೂರಾಗುತ್ತದೆ. ಬಂಡಾಯದವರು ತಬ್ಬಿಕೊಳ್ಳುತ್ತಾರೆ, ಕುಣಿಯುತ್ತಾರೆ. ವಾದ್ಯ ಮೊಳಗುತ್ತದೆ. ಟೀವಿ ಆರುತ್ತದೆ.

ನನ್ನದು ಒಂದೇ ಪ್ರಶ್ನೆ ಸ್ವಾಮಿ. ಮಾರನೇ ದಿನ ಬೆಳಿಗ್ಗೆ ಆ ಕುಣಿದ ಅಂಗಳದ ಕಸ ಗುಡಿಸೋರು ಯಾರು?

ತಲೆಹರಟೆ ಅಂದುಕೊಳ್ಳಬೇಡಿ. ಯಾರ ಮನೆಯಲ್ಲಿ ಪೊರಕೆಯೇ ಪಿತ್ರಾರ್ಜಿತ ಆಸ್ತಿಯಾಗಿ ಅಪ್ಪನಿಂದ ಮಗನಿಗೆ, ಅವ್ವನಿಂದ ಮಗಳಿಗೆ ಇಳಿದು ಬಂದಿದೆಯೋ ಅವರು ಯಾವ ಕ್ರಾಂತಿಯ ಕಥೆ ಕೇಳಿದರೂ ಮೊದಲು ಕೇಳಬೇಕಾದ ಪ್ರಶ್ನೆ ಇದು. ರಾಜರು ಹೋದರು, ಸರಿ. ಬ್ರಿಟಿಷರು ಹೋದರು, ಸರಿ. ಪೊರಕೆ ಕೈ ಬದಲಾಯಿಸಿತಾ? ಇಲ್ಲ. ಅಂದಮೇಲೆ ಹೋದದ್ದು ದೊರೆ ಮಾತ್ರ. ದೊರೆತನ ಇಲ್ಲೇ ಇದೆ.

ಈ ಮಾತನ್ನು ಈಗ ಎತ್ತೋದಕ್ಕೆ ಕಾರಣವಿದೆ. ಅಮೆರಿಕದ ವೈಜ್ಞಾನಿಕ ಧಾರಾವಾಹಿಗಳಲ್ಲಿ ಕ್ರಾಂತಿ ಭರ್ಜರಿಯಾಗಿ ಬಿಕರಿಯಾಗುತ್ತಿದೆ. ಅದರಲ್ಲೂ 'ಆಂಡೋರ್'. 2022ರಲ್ಲಿ 12 ಕಂತು, 2025ರಲ್ಲಿ ಇನ್ನು 12 ಕಂತು. 'ಸ್ಟಾರ್ ವಾರ್ಸ್' ಎಂಬ ಅದೇ ಹಳೇ ನಕ್ಷತ್ರ ಯುದ್ಧದ ಕಥೆಯ ಒಂದು ಟಿಸಿಲು. ಆದರೆ ಇದರಲ್ಲಿ ಮಂತ್ರದ ಕತ್ತಿಯಿಲ್ಲ, ರಾಜಕುಮಾರಿಯ ಉದ್ಧಾರವಿಲ್ಲ. ಬೇಹುಗಾರಿಕೆ, ಗುಪ್ತಸಭೆ, ಹಣ ಹೊಂದಿಸುವ ಕಷ್ಟ, ದ್ರೋಹ, ಜೈಲು, ಹತ್ಯಾಕಾಂಡ - ಚಳುವಳಿಯ ನಿಜವಾದ ಸಾಮಾನುಗಳಿವೆ. ಸಾಮ್ರಾಜ್ಯದ ಸಂಬಳದ ಹಣ ದೋಚುವ ಪ್ರಸಂಗಕ್ಕೆ 1907ರಲ್ಲಿ ಟಿಫ್ಲಿಸ್ ನಗರದಲ್ಲಿ ಬೋಲ್ಶೆವಿಕರು ಪಕ್ಷದ ಖರ್ಚಿಗಾಗಿ ಬ್ಯಾಂಕಿನ ಹಣ ದೋಚಿದ್ದೇ ಪ್ರೇರಣೆ ಎಂದು ಅದನ್ನು ಸೃಷ್ಟಿಸಿದ ಟೋನಿ ಗಿಲ್ರಾಯ್ ಬಾಯಿಬಿಟ್ಟು ಹೇಳಿದ್ದಾರೆ.

ಇದನ್ನು ನೋಡಿದ ನಮ್ಮ ಪ್ರಗತಿಪರ ಮಿತ್ರರು ಎರಡು ಪಂಗಡವಾಗಿದ್ದಾರೆ. ಒಂದು ಪಂಗಡದವರು ಅದರ ಭಾಷಣದ ತುಣುಕುಗಳನ್ನು ಫೋನಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡು, ಮುಷ್ಟಿ ಬಿಗಿದು, ಆಮೇಲೆ ಮಲಗಿ ನಿದ್ದೆ ಮಾಡುವವರು. ಇನ್ನೊಂದು ಪಂಗಡದವರು ಇದೆಲ್ಲ ಬಂಡವಾಳಶಾಹಿಯ ಅಫೀಮು ಅಂತ ಮೂಗು ಮುರಿದು, ಒಂದು ಕಂತನ್ನೂ ನೋಡದೆ ತೀರ್ಪು ಬರೆಯುವವರು. ನನಗೆ ಇಬ್ಬರ ಮೇಲೂ ತಕರಾರಿದೆ. ಇಬ್ಬರೂ ಪೊರಕೆಯ ಪ್ರಶ್ನೆ ಕೇಳಲಿಲ್ಲ.

*

ಮೊದಲು ನ್ಯಾಯವಾದ ಮಾತು ಹೇಳಿಬಿಡೋಣ. 'ಆಂಡೋರ್'ನಲ್ಲಿ ನಾರ್ಕೀನಾ ಎಂಬ ಜೈಲು ಬರುತ್ತದೆ. ಹಾಸ್ಟೆಲಿನಲ್ಲಿ ನಾವು ಆರು ಜನ ಒಂದೇ ಫೋನಿನ ಸುತ್ತ ತಲೆ ಸೇರಿಸಿಕೊಂಡು ಅದನ್ನು ನೋಡಿದೆವು. ಯಾರೂ ಮಾತಾಡಲಿಲ್ಲ.

ಕ್ಯಾಸಿಯನ್ ಎಂಬ ಹುಡುಗ ಬೀದಿಯಲ್ಲಿ ಸುಮ್ಮನೆ ನಡೆದು ಹೋಗುತ್ತಿದ್ದಾಗ ಹಿಡೀತಾರೆ. ಆರು ವರ್ಷ ಶಿಕ್ಷೆ. ಜೈಲಿನಲ್ಲಿ ಸರಪಳಿಯಿಲ್ಲ. ಎಲ್ಲರೂ ಬರಿಗಾಲು. ನೆಲಕ್ಕೇ ಕರೆಂಟು ಹರಿಸುತ್ತಾರೆ. ಬೂಟು ಇರೋದು ಕಾವಲಿನವರಿಗೆ ಮಾತ್ರ. ಒಂದು ಕೋಣೆಗೆ ಏಳು ಮೇಜು, ಮೇಜಿಗೆ ಏಳು ಜನ, ದಿನಕ್ಕೆ 12 ಗಂಟೆ ಯಂತ್ರದ ಬಿಡಿಭಾಗ ಜೋಡಿಸಬೇಕು. ಮುಂದಿರುವ ಮೇಜಿಗೆ ಊಟದಲ್ಲಿ ರುಚಿ ಸಿಗುತ್ತದೆ. ಹಿಂದೆ ಬಿದ್ದ ಮೇಜಿಗೆ ಕರೆಂಟಿನ ಏಟು. ಹೀಗಾಗಿ ಪ್ರತಿ ಮೇಜಿನವನೂ ದಿನವಿಡೀ ಪಕ್ಕದ ಮೇಜಿನವನನ್ನು ಸೋಲಿಸಲು ದುಡಿಯುತ್ತಾನೆ. ಕಾವಲಿನವರು ಬೆರಳೆಣಿಕೆಯಷ್ಟು. ಕೈದಿಗಳು ಐದು ಸಾವಿರ.

ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದದ್ದು ಇದನ್ನೇ. ಪ್ರತಿಯೊಬ್ಬನಿಗೂ ಕೆಳಗೆ ಒಬ್ಬನನ್ನು ಕೊಟ್ಟುಬಿಡು. ಆಗ ಅವನು ಮೇಲೆ ನೋಡೋದನ್ನು ಮರೀತಾನೆ. ಐದು ಸಾವಿರ ಜನರನ್ನು ಆಳಲು ಐದು ಸಾವಿರ ಕೋವಿ ಬೇಡ, ಏಳು ಮೇಜು ಸಾಕು.

ಆ ಕೋಣೆಗೆ ಒಬ್ಬ ಮೇಸ್ತ್ರಿ. ಕೀನೋ ಲಾಯ್ ಅಂತ. ಅವನೂ ಕೈದಿಯೇ. ನಮ್ಮೊಳಗಿನಿಂದಲೇ ಎತ್ತಿ ನಮ್ಮ ಮೇಲೆ ಕೂರಿಸಿದವನು. ಇನ್ನು ಇಷ್ಟು ದಿನ ತಲೆ ತಗ್ಗಿಸಿದರೆ ಬಿಡುಗಡೆ ಅಂತ ಲೆಕ್ಕ ಹಾಕುತ್ತಾ, ಉಳಿದವರನ್ನು ಗದರಿಸುತ್ತಾ ಇರುತ್ತಾನೆ. ಬಿಡುಗಡೆಯಾದವರನ್ನು ಹೊರಗೆ ಬಿಡೋದೇ ಇಲ್ಲ, ಇನ್ನೊಂದು ಅಂತಸ್ತಿಗೆ ಸಾಗಿಸುತ್ತಾರೆ ಅನ್ನೋ ಸತ್ಯ ಗೊತ್ತಾದ ದಿನ ಆ ಮೇಸ್ತ್ರಿ ತಿರುಗಿ ಬೀಳುತ್ತಾನೆ. ಐದು ಸಾವಿರ ಜನರನ್ನು ಹೊರಡಿಸುತ್ತಾನೆ. ಜೈಲಿನ ಸುತ್ತ ನೀರು. ಎಲ್ಲರೂ ಧುಮುಕುತ್ತಾರೆ. ಅವನಿಗೆ ಮಾತ್ರ ಈಜು ಬರುವುದಿಲ್ಲ. ನಾಯಕನಾಗೋದು ಅಂದರೆ ತನಗೆ ದಕ್ಕದ ದಡಕ್ಕೆ ಜನರನ್ನು ಕಳಿಸೋದು. ಇದನ್ನು ಬರೆದವನಿಗೆ ನಾನು ಕೈ ಮುಗಿಯುತ್ತೇನೆ. ಅಫೀಮು ಅಂದವರು ಈ ಕಂತುಗಳನ್ನು ನೋಡಿ ಆಮೇಲೆ ಮಾತಾಡಲಿ.

ಆ ಬಿಡಿಭಾಗಗಳು ಯಾತಕ್ಕೆ ಅನ್ನೋದನ್ನೂ ಕೊನೆಗೆ ತೋರಿಸುತ್ತಾರೆ. ಗ್ರಹಗಳನ್ನೇ ಸುಡುವ ಮಹಾ ಅಸ್ತ್ರಕ್ಕೆ. 2016ರ 'ರೋಗ್ ಒನ್' ಸಿನಿಮಾದಲ್ಲಿ ಕ್ಯಾಸಿಯನ್ ಸಾಯೋದು ಅದೇ ಅಸ್ತ್ರದಿಂದ. ದುಡಿಯುವವನ ಕೈಯಲ್ಲೇ ಅವನ ಚಿತೆ ಕಟ್ಟಿಸಿದರು.

*

ಇಷ್ಟೆಲ್ಲ ಗೊತ್ತಿರುವ ಈ ಧಾರಾವಾಹಿಗೆ ಒಂದು ಮಾತ್ರ ಗೊತ್ತಿಲ್ಲ. ಅದರ ಅಂಗಳದಲ್ಲೇ ಜೀತದಾಳು ನಿಂತಿದ್ದಾನೆ.

ಸ್ಟಾರ್ ವಾರ್ಸ್ ಲೋಕದಲ್ಲಿ ಡ್ರಾಯ್ಡ್‌ಗಳು ಅಂತ ಇದ್ದಾವೆ. ಲೋಹದ ಆಳುಗಳು. ಅವು ಮಾತಾಡುತ್ತವೆ, ಹೆದರುತ್ತವೆ, ದುಃಖಪಡುತ್ತವೆ. ಅವನ್ನು ಕೊಳ್ಳಬಹುದು, ಮಾರಬಹುದು, ನೆನಪನ್ನು ಅಳಿಸಬಹುದು. 1977ರ ಮೊದಲ ಸಿನಿಮಾದಲ್ಲೇ ಹೆಂಡದಂಗಡಿಯವನು ಡ್ರಾಯ್ಡ್‌ಗಳಿಗೆ ಇಲ್ಲಿ ಜಾಗವಿಲ್ಲ, ಆಚೆ ನಿಲ್ಲಿಸು ಅನ್ನುತ್ತಾನೆ. ಲೋಕೋದ್ಧಾರಕ್ಕೆ ಹೊರಟ ನಾಯಕ ಒಂದು ಮಾತೂ ಎದುರಾಡದೆ ಅವನ್ನು ಆಚೆ ಕಳಿಸುತ್ತಾನೆ. ಜಗತ್ತೆಲ್ಲ ಕೂತು ನೋಡಿತು, ಯಾರಿಗೂ ಚುಚ್ಚಲಿಲ್ಲ. ಹೋಟೆಲಿನ ಆಚೆ ನಿಂತು, ಮೇಲಿನಿಂದ ಸುರಿದ ನೀರನ್ನು ಬೊಗಸೆಯಲ್ಲಿ ಕುಡಿದ ಅಜ್ಜನ ಮೊಮ್ಮಕ್ಕಳಿಗೆ ಚುಚ್ಚುತ್ತದೆ.

'ಆಂಡೋರ್'ನಲ್ಲಿ ಬೀ-ಟೂ ಅನ್ನೋ ಮುದಿ ಡ್ರಾಯ್ಡ್ ಇದೆ. ತನ್ನ ಯಜಮಾನಿ ಮಾರ್ವಾ ಸತ್ತಾಗ ಅದು ಮನೆ ಬಿಟ್ಟು ಕದಲುವುದಿಲ್ಲ, ಕೊರಗುತ್ತದೆ. ನಮ್ಮ ಕಣ್ಣಲ್ಲೂ ನೀರು ತರಿಸುತ್ತಾರೆ. ಆದರೆ ಇಡೀ ಬಂಡಾಯದಲ್ಲಿ ಒಬ್ಬನಾದರೂ ನಿನಗೇನು ಬೇಕಪ್ಪಾ, ನಿನ್ನ ಸ್ವಾತಂತ್ರ್ಯ ಯಾವಾಗ ಅಂತ ಅದನ್ನು ಕೇಳಿದನಾ? ಕೇ-ಟೂ ಎಂಬ ಇನ್ನೊಂದು ಡ್ರಾಯ್ಡ್ ಸಾಮ್ರಾಜ್ಯದ್ದು. ಬಂಡಾಯದವರು ಅದನ್ನು ಹಿಡಿದು ತಂದು ತಲೆಯೊಳಗಿನ ಲೆಕ್ಕ ಬದಲಿಸಿ ತಮ್ಮ ಕೆಲಸಕ್ಕೆ ಹಚ್ಚುತ್ತಾರೆ. ಅದಕ್ಕೆ ಕ್ರಾಂತಿ ಅಂದರೆ ಧಣಿ ಬದಲಾದದ್ದು, ಅಷ್ಟೇ.

ಅಯ್ಯೋ, ಅದು ಬರೀ ಯಂತ್ರ ಕಣಯ್ಯಾ ಅಂತೀರಾ? ಬರೀ ಯಂತ್ರಕ್ಕೆ ಯಾಕೆ ಅಳು ಬರೆದಿರಿ? ನಮ್ಮೂರಿನ ನೀರೆತ್ತುವ ಮೋಟಾರು ಅಳುವುದಿಲ್ಲ. ಅಳುವ, ಹೆದರುವ, ಪ್ರೀತಿಸುವ ಜೀವವೊಂದನ್ನು ಬರೆದು, ಚಾಕರಿಗಾಗಿಯೇ ಹುಟ್ಟಿದ್ದು ಅಂತ ಅದರ ಹಣೆಗೆ ಚೀಟಿ ಅಂಟಿಸಿದರೆ ಅದು ಯಂತ್ರವಲ್ಲ. ಲೋಹದ ಮುಖವಾಡ ಹಾಕಿಸಿದ ಆಳು. ಯಂತ್ರದ ಬಗ್ಗೆ ಅಲ್ಲ ನನ್ನ ಸಿಟ್ಟು, ಬರೆದವನ ಕಲ್ಪನೆಯ ಬಗ್ಗೆ. ಲಕ್ಷ ನಕ್ಷತ್ರಗಳನ್ನು ಕಲ್ಪಿಸಿಕೊಳ್ಳಬಲ್ಲ ತಲೆಗೆ ಆಳಿಲ್ಲದ ಒಂದು ಮನೆಯನ್ನು ಕಲ್ಪಿಸಿಕೊಳ್ಳಲು ಆಗಲಿಲ್ಲ.

ವಿಚಿತ್ರ ಏನೆಂದರೆ ಈ ಕಥೆಗಳ ಬೇರೇ ಬೇರೆ. ರೋಬೋ ಎಂಬ ಪದ ಎಲ್ಲಿಂದ ಬಂತು? ಚೆಕ್ ಭಾಷೆಯ 'ರೊಬೋಟಾ'ದಿಂದ. ಹಾಗೆಂದರೆ ಜಮೀನ್ದಾರನಿಗೆ ಮಾಡುವ ಬಿಟ್ಟಿ ಚಾಕರಿ. ಕಾರೆಲ್ ಚಾಪೆಕ್ 1920ರಲ್ಲಿ ಬರೆದ 'ಆರ್.ಯು.ಆರ್.' ನಾಟಕದಲ್ಲಿ ಆ ಬಿಟ್ಟಿ ಆಳುಗಳು ದಂಗೆ ಏಳುತ್ತವೆ. 1938ರ ಫೆಬ್ರವರಿ 11ರಂದು ಬೀಬೀಸಿ ಆ ನಾಟಕದ 35 ನಿಮಿಷದ ಭಾಗವನ್ನು ಟೀವಿಯಲ್ಲಿ ತೋರಿಸಿತು. ಟೀವಿಯಲ್ಲಿ ಬಂದ ಮೊದಲ ವೈಜ್ಞಾನಿಕ ಕಥೆ ಅದೇ ಎನ್ನುತ್ತಾರೆ ತಿಳಿದವರು. ಅಂದರೆ ಈ ಕಲೆ ಹುಟ್ಟಿದ್ದೇ ಜೀತದಾಳುಗಳ ದಂಗೆಯಲ್ಲಿ. ಹುಟ್ಟಿದ ಮನೆಯನ್ನು ಅದು ಮರೆಯಿತು. ಬಂಡಾಯದ ನಾಯಕ ಮನುಷ್ಯನಾದ, ಬಿಟ್ಟಿಯವನು ಹಾಸ್ಯಪಾತ್ರವಾದ.

ಎಲ್ಲರೂ ಮರೆತರು ಅಂದರೆ ಅನ್ಯಾಯವಾಗುತ್ತದೆ. 1989ರಲ್ಲಿ 'ಸ್ಟಾರ್ ಟ್ರೆಕ್'ನ ಒಂದು ಕಂತಿನಲ್ಲಿ ಡೇಟಾ ಎಂಬ ಯಂತ್ರಮಾನವ ಸರ್ಕಾರದ ಸ್ವತ್ತೋ ಅಲ್ಲವೋ ಎಂದು ವಿಚಾರಣೆ ನಡೆಯುತ್ತದೆ. ಹೊಲಸು ಕೆಲಸಕ್ಕೆ ಬಳಸಿ ಬಿಸಾಡುವ ಜೀವಗಳು ಎಲ್ಲ ಕಾಲಕ್ಕೂ ಇದ್ದವಲ್ಲ ಎಂದು ಅಲ್ಲಿ ನೆನಪಿಸುವ ಪಾತ್ರ ಗೈನನ್. ಆ ಪಾತ್ರ ಮಾಡಿದವರು ಕಪ್ಪು ನಟಿ ವೂಪಿ ಗೋಲ್ಡ್‌ಬರ್ಗ್. ಗುಲಾಮಗಿರಿ ಅನ್ನೋ ಪದ ಆ ಕೋರ್ಟಿಗೆ ಬರೋದು ಅವಳಿಂದ. ಹೊಲಸಿನ ವಾಸನೆ ಗೊತ್ತಿದ್ದವರಿಗೇ ಪ್ರಶ್ನೆ ಹೊಳೆಯಿತು.

*

ಕ್ರಾಂತಿಯ ಮಾರನೇ ದಿನ ಏನಾಗುತ್ತದೆ ಎಂದು ಅದೇ ಕಂಪನಿಯ ಇನ್ನೊಂದು ಧಾರಾವಾಹಿ ತೋರಿಸಿಯೂಬಿಟ್ಟಿತು. 'ಮ್ಯಾಂಡಲೋರಿಯನ್' ಅಂತ. ಸಾಮ್ರಾಜ್ಯ ಬಿದ್ದ ಮೇಲಿನ ಕಥೆ. 2023ರ ಒಂದು ಕಂತಿನಲ್ಲಿ ಒಂದು ಚಂದದ ಗ್ರಹ. ಅಲ್ಲಿ ಮತದಾನವಿದೆ, ಹಾಡು ಕುಣಿತವಿದೆ, ಪ್ರಜೆಗಳು ಕೆಲಸವನ್ನೇ ಮಾಡುವುದಿಲ್ಲ. ಹಾಗಾದರೆ ಕೆಲಸ? ಹಳೇ ಯುದ್ಧದ ಡ್ರಾಯ್ಡ್‌ಗಳು ಮಾಡುತ್ತವೆ. ಕೆಲವು ಡ್ರಾಯ್ಡ್‌ಗಳು ಕೆಟ್ಟಾಗ ನಾಯಕರು ವಿಚಾರಣೆಗೆ ಹೋಗುತ್ತಾರೆ. ಡ್ರಾಯ್ಡ್‌ಗಳ ಹೆಂಡದಂಗಡಿಯಲ್ಲಿ ಸಿಗುವ ಉತ್ತರ: ನಾವು ದಂಗೆಯೇಳುವವರಲ್ಲ, ನಮ್ಮನ್ನು ಸೃಷ್ಟಿಸಿದವರ ಋಣ ತೀರಿಸುತ್ತಿದ್ದೇವೆ, ನಮ್ಮನ್ನು ಕೆಲಸದಿಂದ ತೆಗೆದುಬಿಡುತ್ತಾರೋ ಅನ್ನೋದೇ ನಮ್ಮ ಭಯ!

ಕೇಳಿದಿರಾ? ಈ ರಾಗ ನಮಗೆ ಪರಿಚಯದ್ದಲ್ಲವಾ? 1936ರಲ್ಲಿ ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಆದರ್ಶ ಭಂಗಿ ಹೇಗಿರಬೇಕು ಅಂತ ಲೇಖನ ಬರೆದರು. ಭಂಗಿಯೂ ಇರಬೇಕು, ಆದರ್ಶವೂ ಆಗಿರಬೇಕು! ಅಂಬೇಡ್ಕರ್ 1945ರ ಪುಸ್ತಕದಲ್ಲಿ ಈ ಉಪದೇಶದ ಸಿಪ್ಪೆ ಸುಲಿದರು. ಹೊಲಸು ಕೆಲಸವನ್ನು ಹೊಗಳೋದು ಅದನ್ನು ಮಾಡುವವನನ್ನು ಅಲ್ಲೇ ಕೂರಿಸುವ ಉಪಾಯ. ಹುಟ್ಟಾ ಆಳು ಮತ್ತು ಅವನ ಕೃತಜ್ಞತೆ, ಇವೆರಡೂ ಧಣಿಗಳು ಎಲ್ಲ ಲೋಕದಲ್ಲೂ ಹೆಣೆದ ಕಥೆ. ಮನುವಿನ ಕಾಲಕ್ಕೂ ಅದೇ, ಮುಂದಿನ ನಕ್ಷತ್ರಯುಗಕ್ಕೂ ಅದೇ.

*

ಹಾಗಾದರೆ ಪೊರಕೆಯ ಪ್ರಶ್ನೆಯನ್ನು ನೇರ ಕೇಳಿದ ಒಂದು ಕಂತೂ ಇಲ್ಲವಾ? ಇದೆ. 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ' (2004-2009) ಧಾರಾವಾಹಿಯಲ್ಲಿ, 2007ರ ಫೆಬ್ರವರಿಯಲ್ಲಿ ಬಂದ 'ಡರ್ಟಿ ಹ್ಯಾಂಡ್ಸ್' ಎಂಬ ಕಂತು. ಕೊಳೆಯ ಕೈಗಳು.

ಅಳಿದುಳಿದ ಮನುಷ್ಯರು ಹಡಗುಗಳಲ್ಲಿ ಬಾಹ್ಯಾಕಾಶ ಅಲೆಯುತ್ತಿದ್ದಾರೆ. ಒಂದು ಹಡಗಿನಲ್ಲಿ ಇಂಧನ ಶುದ್ಧಿ ಮಾಡುವ ಕೆಲಸ. ಹೊಗೆ, ಬೆಂಕಿ, ರಜೆಯಿಲ್ಲ. ಮಕ್ಕಳೂ ಅಲ್ಲೇ ದುಡಿಯುತ್ತಾರೆ. ಅಪ್ಪ ಮಾಡಿದ್ದನ್ನೇ ಮಗ ಮಾಡಬೇಕು. ಬಡ ಗ್ರಹಗಳಿಂದ ಬಂದವರಿಗೆ ಕೊಳೆಯ ಕೆಲಸ. ದೊಡ್ಡ ಗ್ರಹದವರು ಅಧ್ಯಕ್ಷರು, ವಿಮಾನ ಹಾರಿಸುವವರು. ಸೇನಾಧಿಪತಿಯ ಮಗನೇ ಮುಂದೆ ಸೇನಾಧಿಪತಿಯಾಗಬೇಕಾ ಅಂತ ಜೈಲಿನಲ್ಲಿ ಕೂತ ಒಬ್ಬ ಪುಸ್ತಕ ಬರೆದರೆ ಅದು ಕೈಯಿಂದ ಕೈಗೆ ಗುಟ್ಟಾಗಿ ಹರಿದಾಡುತ್ತದೆ. ಹಳ್ಳಿಯ ಕೆಲಸ ಮಾಡಿ ಗೊತ್ತು ಎಂದು ಯಾವುದೋ ಕಾಗದದಲ್ಲಿ ಬರೆದಿತ್ತು ಅನ್ನೋ ಒಂದೇ ಕಾರಣಕ್ಕೆ ಓದಬೇಕಿದ್ದ ಹುಡುಗನೊಬ್ಬನನ್ನು ಎಳೆದು ತಂದು ಆ ಯಂತ್ರಕ್ಕೆ ಹಾಕುತ್ತಾರೆ. ಯಂತ್ರ ಅವನ ಕೈ ಹಿಡಿಯುತ್ತದೆ. ಆಗ ಟೈರಲ್ ಎಂಬ ಮೆಕ್ಯಾನಿಕ್ ಯಂತ್ರ ನಿಲ್ಲಿಸಿ ಮುಷ್ಕರ ಸಾರುತ್ತಾನೆ.

ಈಗ ನೋಡಿ ತಮಾಷೆ. ಮುಷ್ಕರ ಮುರಿಯಲು ಅವನ ಹೆಂಡತಿಯನ್ನು ಗೋಡೆಗೆ ನಿಲ್ಲಿಸಿ ಗುಂಡು ಹೊಡೆಸುತ್ತೇನೆ ಎಂದು ಬೆದರಿಸುವವನು ಯಾರು? ದುಷ್ಟ ಚಕ್ರವರ್ತಿಯಲ್ಲ. ಇಡೀ ಧಾರಾವಾಹಿಯ ಪ್ರೀತಿಯ ಹಿರಿಯ, ಒಳ್ಳೆಯವನು, ಅಡಾಮ. ಈ ಒಂದು ದೃಶ್ಯಕ್ಕಾಗಿ ಆ ಬರಹಗಾರರ ಬೆನ್ನು ತಟ್ಟಬೇಕು. ಕೆಟ್ಟವನ ಕೆಟ್ಟತನ ತೋರಿಸೋದು ಸುಲಭ. ನಮ್ಮನ್ನು ಪೊರಕೆಗೆ ಕಟ್ಟಿ ಹಾಕಿದವರೆಲ್ಲ ರಾಕ್ಷಸರಾಗಿದ್ದರಾ? ಒಳ್ಳೆಯವರು, ಸಂಭಾವಿತರು, ದೇಶಭಕ್ತರು, ಮಕ್ಕಳನ್ನು ಮುದ್ದಿಸುವವರು. ಕೊನೆಗೆ ಅಧ್ಯಕ್ಷೆ ಮಾತುಕತೆಗೆ ಬರುತ್ತಾಳೆ. ಕೊಳೆಯ ಕೆಲಸ ಎಲ್ಲರಿಗೂ ಸರದಿಯ ಮೇಲೆ ಹಂಚಬೇಕು ಅನ್ನೋ ಮಾತಿಗೆ ಒಪ್ಪುತ್ತಾಳೆ. ಒಂದು ಸಂಘ ಹುಟ್ಟುತ್ತದೆ.

ಸರದಿ! ಈ ಒಂದು ಪದದಲ್ಲಿ ನೂರು ಚಕ್ರವರ್ತಿಗಳ ತಲೆ ಉರುಳಿಸುವ ಶಕ್ತಿಯಿದೆ. ಜಾತಿ ಅಂದರೆ ಕೆಲಸದ ವಿಭಜನೆಯಲ್ಲ, ಕೆಲಸಗಾರರ ವಿಭಜನೆ ಅಂತ ಅಂಬೇಡ್ಕರ್ 1936ರಲ್ಲೇ ಹೇಳಿದರು. ಆ ಗೋಡೆಗೆ ಇಡಬೇಕಾದ ಮದ್ದು ಸರದಿ. ಆದರೆ ಇದೇ ಧಾರಾವಾಹಿಯಲ್ಲಿ ಮನುಷ್ಯರ ಶತ್ರುಗಳು ಯಾರು ಗೊತ್ತಾ? ಸೈಲಾನ್‌ಗಳು. ಒಂದು ಕಾಲಕ್ಕೆ ಅದೇ ಮನುಷ್ಯರು ಚಾಕರಿಗೆ ಮಾಡಿಕೊಂಡ ಯಂತ್ರಗಳು. ದಂಗೆಯೆದ್ದ ಆ ಸೈಲಾನ್‌ಗಳು ಮನುಷ್ಯರೂಪ ಪಡೆದ ಮೇಲೆ ತಮ್ಮ ಕೆಳಗಿನ ಲೋಹದ ಸೈನಿಕರ ತಲೆಗೆ ಯೋಚನೆ ಹುಟ್ಟದಂತೆ ಬೀಗ ಹಾಕುತ್ತಾರೆ. ಏಟು ತಿಂದವನೂ ತನ್ನ ಕೆಳಗೆ ಒಬ್ಬನನ್ನು ಇಟ್ಟುಕೊಂಡ! ಆ ಬೀಗ ತೆಗೆಸಿ, 2009ರ ಕೊನೇ ಕಂತಿನಲ್ಲಿ ಆ ಲೋಹದವರಿಗೆ ಒಂದು ಹಡಗು ಕೊಟ್ಟು ಬಿಡುಗಡೆ ಮಾಡುತ್ತಾರೆ. ಕಥೆ ಮುಗಿಯುವ ಹೊತ್ತಿಗಾದರೂ ಅವರಿಗೆ ಆಳು ಕಂಡ.

*

ಇನ್ನು ಮೂಗು ಮುರಿಯುವ ಪಂಗಡಕ್ಕೆ ಬರೋಣ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. 'ಆಂಡೋರ್' ಮಾಡಿಸಿದ್ದು ಡಿಸ್ನಿ, ಮಿಕ್ಕಿ ಇಲಿಯ ಕಂಪನಿ. ಎರಡು ಭಾಗಕ್ಕೆ 65 ಕೋಟಿ ಡಾಲರ್ ಖರ್ಚು ಎಂದು ಗಿಲ್ರಾಯ್ ಅವರೇ ಹೇಳಿದ್ದಾರೆ. ಎರಡನೇ ಭಾಗದ ಚಿತ್ರೀಕರಣ ನಡೆದಿದ್ದಾಗಲೇ, 2023ರ ಮೇ 2ರಂದು, ಅಮೆರಿಕದ ಸಿನಿಮಾ ಟೀವಿ ಬರಹಗಾರರು ಮುಷ್ಕರ ಹೂಡಿದರು. 148 ದಿನ ನಡೆಯಿತು. ಜುಲೈನಲ್ಲಿ ನಟರೂ ಸೇರಿದರು, ಅವರದ್ದು 118 ದಿನ. ಡಿಸ್ನಿಯ ಮುಖ್ಯಸ್ಥ ಬಾಬ್ ಐಗರ್ ಅವರ ನಿರೀಕ್ಷೆಗಳು ವಾಸ್ತವಕ್ಕೆ ಹೊಂದುವುದಿಲ್ಲ ಎಂದರು. ಬೇರೆ ಗ್ರಹದ ಕಾರ್ಮಿಕ ದಂಗೆಯೆದ್ದರೆ ಅದು ಮಾಲು, ತನ್ನ ಗೇಟಿನ ಮುಂದೆ ಕೂತರೆ ಅವಾಸ್ತವ!

ಆದರೆ ಸ್ವಾಮಿ, ಧಣಿಯ ಗದ್ದೆಯಲ್ಲಿ ಬೆಳೆದದ್ದು ಅಂತ ಭತ್ತವನ್ನೇ ವಿಷ ಅನ್ನಲಾಗುತ್ತದಾ? ಬೆಳೆದದ್ದು ಆಳಿನ ಬೆವರು. ನಾರ್ಕೀನಾ ಬರೆದದ್ದು ಡಿಸ್ನಿಯಲ್ಲ, ಬೀದಿಯಲ್ಲಿ ಫಲಕ ಹಿಡಿದು ನಿಂತ ಅದೇ ಬರಹಗಾರರ ವರ್ಗ. ಮಾಲು ಕಂಪನಿಯದು, ಪ್ರಶ್ನೆ ನಮ್ಮದು. ಪ್ರಶ್ನೆಯನ್ನು ಕಸಿದುಕೊಂಡು ಬರಬೇಕು.

ನಮ್ಮವರ ಕೈಗೆ ಇದೇ ಕಲೆ ಸಿಕ್ಕಾಗ ಏನಾಯಿತು ಅಂತಲೂ ನೋಡಿ. 2019ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ 'ಲೈಲಾ' ಬಂತು. ಪ್ರಯಾಗ್ ಅಕ್ಬರರ 2017ರ ಕಾದಂಬರಿ ಆಧರಿಸಿದ್ದು. ಆರ್ಯಾವರ್ತ ಎಂಬ ಮುಂದಿನ ಕಾಲದ ದೇಶ. ಜಾತಿ ಜಾತಿಗೆ ಗೋಡೆ, ನೀರಿಗೆ ಬರ, ಮೈಲಿಗೆಯಾದವರನ್ನು ಶುದ್ಧಿ ಮಾಡುವ ಶಿಬಿರ. ಧೈರ್ಯದ ಕೆಲಸ, ಒಪ್ಪುತ್ತೇನೆ. ಆದರೆ ನಾಯಕಿ ಯಾರು? ಈಜುಕೊಳವಿದ್ದ ಮನೆಯ ಹೆಂಗಸು. ನೀರು, ಗೋಡೆ, ಮೈಲಿಗೆ ಅವಳ ಮೈಮೇಲೆ ಬಂದಾಗ ಅದು ಭಯಾನಕ ಭವಿಷ್ಯವಾಯಿತು. ನೀರು ಮುಟ್ಟಿದ್ದಕ್ಕೆ 1927ರಲ್ಲಿ ಮಹಾಡಿನಲ್ಲಿ ತಲೆ ಒಡೆದರಲ್ಲ, ಅದು ಯಾವ ಕಾಲದ ಕಥೆ? ಅವರ ಮುಂದಿನ ದುಃಸ್ವಪ್ನ ನಮ್ಮ ನಿನ್ನೆ, ನಮ್ಮ ಇವತ್ತು. ಊರಾಚೆ ಕೇರಿಯಲ್ಲಿದ್ದಾಗ ಸಂಪ್ರದಾಯ, ಊರೊಳಗೆ ಬಂದರೆ ವೈಜ್ಞಾನಿಕ ಕಥೆ!

ನಿಜವಾದ ವೈಜ್ಞಾನಿಕ ಕಥೆ ಬೇಕಾ? ಇಗೋ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇಸ್ರೋದ ಯಂತ್ರ 2014ರಲ್ಲಿ ಮಂಗಳ ಗ್ರಹದ ಕಕ್ಷೆ ಸೇರಿತು. ಮ್ಯಾನ್‌ಹೋಲ್ ಶುಚಿ ಮಾಡುವ ರೋಬೋ ಕೇರಳದಲ್ಲಿ ಬಂದದ್ದು 2018ರಲ್ಲಿ. ಮಲ ಹೊರಿಸಬಾರದು ಅಂತ 2013ರಲ್ಲಿ ಎರಡನೇ ಸಲ ಕಾನೂನಾಯಿತು. ಇವತ್ತಿಗೂ ಗುಂಡಿಗಿಳಿದ ಮನುಷ್ಯ ಉಸಿರುಕಟ್ಟಿ ಸಾಯುತ್ತಾನೆ. ಹತ್ತಾರು ಕೋಟಿ ಮೈಲಿ ದೂರದ ಮಂಗಳ ಹತ್ತಿರವಾಯಿತು, ಕಾಲಡಿಯ ಗುಂಡಿ ದೂರವಾಯಿತು. ಯಾಕೆ ಅಂದರೆ ಗುಂಡಿಗೆ ನಾವಿದ್ದೆವು. ಬಿಟ್ಟಿ ಆಳು ಇದ್ದಾಗ ಯಂತ್ರದ ಕಲ್ಪನೆ ಯಾರಿಗೆ ಬೇಕು? 2022ರ ಜುಲೈನಲ್ಲಿ ಕರ್ನಾಟಕದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತರು. ನಗರಗಳು ನಾರತೊಡಗಿದ ಮೇಲೇ ಸರ್ಕಾರಕ್ಕೆ ಮೂಗಿದೆ ಅಂತ ಗೊತ್ತಾದದ್ದು. ಇದನ್ನು ಟೈರಲ್‌ನ ಕಥೆಯ ಪಕ್ಕಕ್ಕಿಟ್ಟು ಓದಿ. ಯಾವುದು ಕಲ್ಪನೆ, ಯಾವುದು ವಾಸ್ತವ?

*

ಕೊನೆಗೆ ಒಂದು ಕಂತು. 'ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್', 1998. ಬೆನ್ನಿ ರಸೆಲ್ ಎಂಬ ಕಪ್ಪು ಬರಹಗಾರ, 1950ರ ದಶಕದ ನ್ಯೂಯಾರ್ಕ್. ಅಗ್ಗದ ಕಾಗದದ ಕಥಾಪತ್ರಿಕೆಯೊಂದಕ್ಕೆ ಬರೆಯುತ್ತಾನೆ. ಬರಹಗಾರರ ಫೋಟೋ ತೆಗೆಯುವ ದಿನ ಬರಬೇಡ ಅನ್ನಿಸಿಕೊಳ್ಳುತ್ತಾನೆ. ಅವನೊಂದು ಕಥೆ ಬರೆಯುತ್ತಾನೆ. ನಕ್ಷತ್ರಗಳ ನಡುವೆ ಒಂದು ನಿಲ್ದಾಣ, ಅದರ ಮುಖ್ಯಸ್ಥ ಕಪ್ಪು ಮನುಷ್ಯ. ಅಷ್ಟೇ. ಅದರಲ್ಲಿ ಬಾಂಬಿಲ್ಲ, ದಂಗೆಯಿಲ್ಲ. ಆದರೂ ಮಾಲೀಕ ಇಡೀ ತಿಂಗಳ ಸಂಚಿಕೆಯನ್ನೇ ನಾಶ ಮಾಡಿಸುತ್ತಾನೆ, ಬೆನ್ನಿಯನ್ನು ಕೆಲಸದಿಂದ ತೆಗೆಯುತ್ತಾನೆ.

ಯಾಕೆ ಅಷ್ಟು ಭಯ? ಯಾಕೆಂದರೆ ನಿನ್ನೆಯ ನೋವು ಬರೆದರೆ ಅವರು ಅಯ್ಯೋ ಪಾಪ ಅನ್ನುತ್ತಾರೆ, ಪ್ರಶಸ್ತಿಯನ್ನೂ ಕೊಡುತ್ತಾರೆ. ನಾಳೆಯನ್ನು ಬರೆದರೆ ಅದು ಪಾಲು ಕೇಳಿದಂತೆ. ಇವತ್ತಿಗೂ ನಮ್ಮ ಬರಹಗಾರನಿಂದ ಅವರಿಗೆ ಬೇಕಾದದ್ದು ಕೇರಿ, ಹಸಿವು, ಹೆಂಡ, ಹಾಡು. ನಕ್ಷತ್ರದ ಬಗ್ಗೆ ಬರೆಯೋದು ನಿನಗೆ ಯಾಕಪ್ಪಾ ಎಂದು ನನ್ನನ್ನೇ ಕೇಳಿದ ದೊಡ್ಡವರಿದ್ದಾರೆ. ಆಕಾಶವನ್ನೂ ಅಗ್ರಹಾರ ಮಾಡಿಕೊಂಡವರು!

ಗೆಳೆಯರೇ, ನೋವನ್ನು ಬರೆಯೋಣ, ಅದು ನಮ್ಮ ಸಾಲ. ಜೊತೆಗೆ ನಾಳೆಯನ್ನೂ ಬರೆಯೋಣ, ಅದು ನಮ್ಮ ಹಕ್ಕು. 65 ಕೋಟಿ ಡಾಲರ್ ಬೇಕಿಲ್ಲ. ಈ ಪತ್ರಿಕೆಯಂಥ ಒರಟು ಕಾಗದ ಸಾಕು. ನಮ್ಮ ಕಥೆಯಲ್ಲಿ ಚಕ್ರವರ್ತಿ ಬೀಳುವುದು ಮೊದಲ ಪುಟದಲ್ಲೇ ಆಗಿಹೋಗಲಿ. ಎರಡನೇ ಪುಟದಿಂದ ಸರದಿಯ ಪಟ್ಟಿ ಶುರುವಾಗಲಿ. ಅದರಲ್ಲಿ ನಾಯಕನ ಹೆಸರಿರಲಿ, ಕವಿಯ ಹೆಸರಿರಲಿ, ಸೇನಾಧಿಪತಿಯ ಮಗನ ಹೆಸರಿರಲಿ, ಭಾಷಣದ ತುಣುಕು ಕಳಿಸಿ ಮಲಗಿದವರ ಹೆಸರೂ ಇರಲಿ.

ಆ ಪಟ್ಟಿಗೆ ಸಹಿ ಹಾಕದ ಕ್ರಾಂತಿ, ಅದು ಯಾವ ಗ್ರಹದಲ್ಲೇ ನಡೆಯಲಿ, ಧಣಿಗಳ ಮನೆ ಜಗಳ.